ಬ್ಲೂಸ್ ಹುಟ್ಟಿದ ಸೀಮೆಯಲ್ಲಿ ನಾಲ್ಕು ದಿನ

ಮುಂಬಯಿಯ ನಮ್ಮ ಮನೆಯಲ್ಲಿ ಮೂರು ವರ್ಷಗಳ ಕಾಲ ಸಂಜೆ ಏಳು ಗಂಟೆಯಾಯಿತೆಂದರೆ ಒಳಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಐದು ನಿಮಿಷದೊಳಗೆ ಡ್ರಮ್ಮು, ಬೇಸ್ ಗಿಟಾರು, ಪಿಯಾನೋ ಒಟ್ಟಿಗೆ ಕೇಳತೊಡಗುತ್ತಿದ್ದವು. ಅವುಗಳ ಮೇಲೆ ನಮ್ಮ ಮಗನ ಗಿಟಾರು. ಹೊಸದಾಗಿ ಬಂದ ನೆರೆಮನೆಯವರು ಒಮ್ಮೆ, “ದಿನಾ ಸಂಜೀಕ ಎಷ್ಟು ಮಂದಿ ಬರತಾರ್ರೀ ನಿಮ್ಮಲ್ಲಿ ಬಾರಸ್ಲಿಕ್ಕೆ? ಮೆಟ್ಟಲ ಮ್ಯಾಲ ಒಬ್ಬರೂ ಕಾಣಂಗಿಲ್ಲ” ಎಂದು ಕೇಳಿದರು. ಬರುವವರು ಯಾರೂ ಇರಲಿಲ್ಲ. ಡ್ರಮ್ಮು, ಬೇಸು, ಪಿಯಾನೋ ಮೂರೂ ಅವನ ಫೋನಿನೊಳಗೆ ಇದ್ದವು.

ಇದಕ್ಕೆ ಬ್ಯಾಕಿಂಗ್ ಟ್ರ್ಯಾಕ್ ಎಂದು ಹೆಸರು. ಪಕ್ಕವಾದ್ಯಗಳನ್ನಷ್ಟೇ ಮುದ್ರಿಸಿ, ಮುಖ್ಯ ವಾದ್ಯದ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಕಲಿಯುವವನು ಆ ಖಾಲಿ ಜಾಗದಲ್ಲಿ ಕುಳಿತು ತನ್ನ ಮನೋಧರ್ಮದಂತೆ ನುಡಿಸಬೇಕು. ನಮ್ಮ ಹುಡುಗನಿಗೆ ಹಿಡಿದ ಹುಚ್ಚು ಬ್ಲೂಸ್ ಎಂಬ ಅಮೆರಿಕದ ಸಂಗೀತದ್ದು. ಧಾರವಾಡದ ಕಡೆಯ ಮನೆತನ, ಚಿಕ್ಕಂದಿನಲ್ಲಿ ಆರು ವರ್ಷ ಹಿಂದೂಸ್ತಾನಿ ಗಾಯನ ಕಲಿತ ಹುಡುಗ, ಅದನ್ನು ಬಿಟ್ಟು ಇದಕ್ಕೆ ಹೋದನಲ್ಲ ಎಂದು ನಮಗೆ ಅಸಮಾಧಾನವಿದ್ದದ್ದು ನಿಜ. ಅದಕ್ಕಿಂತ ದೊಡ್ಡ ಚಿಂತೆ ಬೇರೆ. ಮೂರು ವರ್ಷದಲ್ಲಿ ಅವನು ಒಬ್ಬ ಮನುಷ್ಯನ ಜೊತೆಗೂ ನುಡಿಸಿರಲಿಲ್ಲ. ಸಂಘದ ರಾಜ್ಯೋತ್ಸವಕ್ಕೆ ಎರಡು ಸಲ ಕರೆ ಬಂತು. “ಇನ್ನೂ ತಯಾರಾಗಿಲ್ಲಪ್ಪಾ” ಎಂದ. ಕಚೇರಿಯಿಂದ ಬಂದರೆ ಕೋಣೆ, ಕೋಣೆಯಿಂದ ಬಂದರೆ ಊಟ. ಸಂಗೀತ ಇವನನ್ನು ಜನರ ನಡುವೆ ತರುವುದಕ್ಕೆ ಬದಲು ಜನರಿಂದ ದೂರ ಮಾಡುತ್ತಿದೆಯೆಂದು ನಾವಿಬ್ಬರೂ ರಾತ್ರಿ ಮಾತಾಡಿಕೊಳ್ಳುತ್ತಿದ್ದೆವು.

ಹೀಗಿರಲು 2023ರ ಅಕ್ಟೋಬರಿನಲ್ಲಿ ಮೆಂಫಿಸ್ ನಗರದಲ್ಲಿರುವ ಮಗಳು ಅಳಿಯಂದಿರಲ್ಲಿಗೆ ಹೋಗುವ ಯೋಗ ಬಂತು. ಮಗನೂ ರಜೆ ಹಾಕಿ ಹೊರಟ. ಮೊಮ್ಮಗಳನ್ನು ನೋಡುವುದು ನಮ್ಮ ಉದ್ದೇಶ. ಅವನ ಉದ್ದೇಶ ಅಲ್ಲಿಂದ 120 ಕಿಲೋಮೀಟರು ದಕ್ಷಿಣಕ್ಕಿರುವ ಕ್ಲಾರ್ಕ್ಸ್‌ಡೇಲ್ ಎಂಬ ಸಣ್ಣ ಊರು. “ನಾಲ್ಕು ದಿನ ನನಗ ಕೊಡ್ರಿ, ಉಳಿದದ್ದು ನಿಮಗ” ಎಂದ. ನಾವೂ ಒಪ್ಪಿದೆವು. ಹೆಂಗಸರಾದವರು ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡರು. ಅಳಿಯನ ಕಾರಿನಲ್ಲಿ ಮಗನೇ ಸಾರಥಿ.

ಮೆಂಫಿಸ್ ಬಿಟ್ಟು 61ನೆಯ ಹೆದ್ದಾರಿಯನ್ನು ಹಿಡಿದ ಸ್ವಲ್ಪ ಹೊತ್ತಿಗೆ ನೆಲ ಅಂಗೈಯಂತೆ ಸಪಾಟಾಯಿತು. ಈ ಸೀಮೆಗೆ ‘ಡೆಲ್ಟಾ’ ಎನ್ನುತ್ತಾರೆ. ಆದರೆ ಇದು ನದಿ ಸಮುದ್ರ ಸೇರುವ ಮುಖವಲ್ಲ. ಮಿಸಿಸಿಪ್ಪಿ ಮತ್ತು ಯಾಜೂ ನದಿಗಳ ನಡುವೆ, ಮೆಂಫಿಸಿನ ಕೆಳಗಿನಿಂದ ವಿಕ್ಸ್‌ಬರ್ಗಿನವರೆಗೆ ಸುಮಾರು 320 ಕಿಲೋಮೀಟರು ಉದ್ದಕ್ಕೆ ಹರಡಿರುವ ಪ್ರವಾಹದ ಬಯಲು. ನೆರೆ ಬಂದಾಗಲೆಲ್ಲ ನದಿ ತಂದು ಹಾಕಿದ ಕಪ್ಪು ಮಣ್ಣು. ಅದರ ಮೇಲೆ, ನಾವು ಹೋದ ಕಾಲಕ್ಕೆ, ದಿಗಂತದವರೆಗೆ ಹತ್ತಿ ಒಡೆದು ನಿಂತಿತ್ತು.

ಕಾರು ನಿಲ್ಲಿಸಿ ಇಳಿದೆವು. ಎರೆಹೊಲದಲ್ಲಿ ಹತ್ತಿ ಒಡೆದದ್ದನ್ನು ಕಂಡು ಬೆಳೆದ ಕಣ್ಣಿಗೆ ಇದೇನು ಪರದೇಶವೆನ್ನಿಸಲಿಲ್ಲ. ಎನ್ನಿಸದಿರುವುದಕ್ಕೆ ಚರಿತ್ರೆಯ ಕಾರಣವೂ ಉಂಟು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದ ದಕ್ಷಿಣ ಸೀಮೆಯಿಂದ ಹತ್ತಿ ಬೆಳೆಗಾರರನ್ನು ಹಿಂದೂಸ್ತಾನಕ್ಕೆ ಕರೆಸಿದರು. ಅವರು ತಂದ ಬೀಜ ಬೇರೆಡೆ ಅಷ್ಟಾಗಿ ಒಗ್ಗದಿದ್ದರೂ ಧಾರವಾಡ ಜಿಲ್ಲೆಯ ಮಣ್ಣಿಗೆ ಒಗ್ಗಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಿಂದಲೇ ಆ ಹತ್ತಿ ಮುಂಬಯಿಯ ಪೇಟೆಯಲ್ಲಿ ಮಾರಾಟವಾಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದೊಡನೆ ಬೆಲೆ ಬಿದ್ದು ಮುಂಬಯಿಯ ಎಷ್ಟೋ ವ್ಯಾಪಾರಿಗಳು ದಿವಾಳಿಯೆದ್ದರು. ಇಲ್ಲಿಯ ಹೊಲಕ್ಕೂ ನಮ್ಮ ಹೊಲಕ್ಕೂ ನಂಟು ಹಳೆಯದು.

ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಇಲ್ಲಿ ಹತ್ತಿ ಬಿಡಿಸಿದವರು ಆಫ್ರಿಕದಿಂದ ಹಿಡಿದು ತಂದು ಮಾರಿದ ಜನರ ಸಂತತಿ. ಗುಲಾಮಗಿರಿ 1865ರಲ್ಲಿ ಕಾನೂನಿನಿಂದ ಹೋಯಿತು. ಅದರ ಜಾಗಕ್ಕೆ ಪಾಲಿನ ಬೇಸಾಯ ಬಂತು. ಬೀಜ, ಹೇಸರಗತ್ತೆ, ಕಾಳುಕಡಿ ಎಲ್ಲ ಧಣಿಯ ಅಂಗಡಿಯಿಂದ ಸಾಲ. ಸುಗ್ಗಿಯಲ್ಲಿ ಲೆಕ್ಕ ಬರೆಯುವವನೂ ಧಣಿಯೇ. ವರ್ಷದ ಕೊನೆಗೆ ದುಡಿದವನ ತಲೆಯ ಮೇಲೆ ಸಾಲವೇ ನಿಲ್ಲುತ್ತಿತ್ತು. ಆ ಜನರ ನಡುವೆ, ಹೊಲದ ಕೂಗಿನಿಂದ, ಕೂಲಿಗಳ ಹಾಡಿನಿಂದ, ಇಗರ್ಜಿಯ ಭಜನೆಯಿಂದ ಬ್ಲೂಸ್ ರೂಪುಗೊಂಡಿತು. ‘ಬ್ಲೂ’ ಎಂದರೆ ನೀಲಿ; ಇಂಗ್ಲಿಷಿನಲ್ಲಿ ಅದಕ್ಕೆ ಮನಸ್ಸಿನ ಕಳವಳವೆಂಬ ಅರ್ಥವೂ ಇದೆ.

ಮೊದಲ ದಿನ ಕ್ಲಾರ್ಕ್ಸ್‌ಡೇಲಿನಲ್ಲಿ ಇಳಿದುಕೊಂಡು, ಮರುದಿನ ಸುತ್ತಲಿನ ಸ್ಥಳಗಳನ್ನು ನೋಡಲು ಹೊರಟೆವು. ಮೊದಲು ಟಟ್‌ವೈಲರ್. ಒಂದು ಬೀದಿ, ಒಂದು ರೈಲುದಾರಿ, ಬಹಳಷ್ಟು ಮುಚ್ಚಿದ ಅಂಗಡಿಗಳು. ಸುಮಾರು 1903ರಲ್ಲಿ ಇಲ್ಲಿಯ ರೈಲು ನಿಲ್ದಾಣದಲ್ಲಿ ಡಬ್ಲ್ಯೂ. ಸಿ. ಹ್ಯಾಂಡಿ ಎಂಬ ವಾದ್ಯವೃಂದದ ನಾಯಕ, ತಡವಾದ ಗಾಡಿಗಾಗಿ ಕಾಯುತ್ತ ತೂಕಡಿಸುತ್ತಿದ್ದ. ಎಚ್ಚರವಾದಾಗ ಪಕ್ಕದಲ್ಲಿ ಹರಕು ಬಟ್ಟೆಯ ಒಬ್ಬ ಗಿಟಾರಿನ ತಂತಿಗಳ ಮೇಲೆ ಚಾಕುವನ್ನು ಒತ್ತಿ ಜಾರಿಸುತ್ತ ಹಾಡುತ್ತಿದ್ದ, ಒಂದೇ ಸಾಲನ್ನು ಮೂರು ಸಲ. ಅಂಥ ವಿಚಿತ್ರ ಸಂಗೀತವನ್ನು ಹಿಂದೆ ಕೇಳಿರಲಿಲ್ಲವೆಂದು ಹ್ಯಾಂಡಿ 1941ರ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಗೋಟುವಾದ್ಯ, ವಿಚಿತ್ರವೀಣೆಗಳನ್ನು ಕೇಳಿದ ನಮಗೆ ತಂತಿಯ ಮೇಲೆ ಜಾರುವ ನಾದ ಹೊಸದಲ್ಲ; ಆ ಜಾರಿಕೆ ನಮ್ಮ ಮೀಂಡಿನ ಸೋದರ. ಹ್ಯಾಂಡಿ ಇಂಥ ಹಾಡುಗಳನ್ನು ಸ್ವರಲಿಪಿಗೆ ಇಳಿಸಿ 1912ರಲ್ಲಿ ‘ಮೆಂಫಿಸ್ ಬ್ಲೂಸ್’ ಎಂಬುದನ್ನು ಅಚ್ಚು ಹಾಕಿಸಿದ. ಆ ಹರಕು ಬಟ್ಟೆಯವನ ಹೆಸರು ಯಾರಿಗೂ ತಿಳಿಯಲಿಲ್ಲ. ರೈಲುದಾರಿಯ ಪಕ್ಕದ ಗೋಡೆಯ ಮೇಲೆ ಇಬ್ಬರ ಭೇಟಿಯ ಚಿತ್ರ ಬರೆದಿದ್ದಾರೆ.

ಅಲ್ಲಿಗೆ ಹತ್ತಿರದಲ್ಲೇ ಸಮ್ನರ್ ಎಂಬ ಊರಿನ ನ್ಯಾಯಾಲಯ. 1955ರ ಆಗಸ್ಟಿನಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗ ಶಿಕಾಗೋದಿಂದ ನೆಂಟರ ಮನೆಗೆ ಬಂದಿದ್ದ. ಬಿಳಿಯ ಹೆಂಗಸೊಬ್ಬಳೊಡನೆ ಸಲಿಗೆಯಿಂದ ನಡೆದನೆಂಬ ಆರೋಪ ಹೊರಿಸಿ ಅವನನ್ನು ಕೊಂದು ನದಿಗೆ ಎಸೆದರು. ಕೊಂದವರನ್ನು ಈ ನ್ಯಾಯಾಲಯದಲ್ಲಿ ಪಂಚರು ಒಂದು ಗಂಟೆಯ ಸುಮಾರಿಗೆ ನಿರ್ದೋಷಿಗಳೆಂದು ಬಿಟ್ಟರು. ಬಿಡುಗಡೆಯಾದ ಮೇಲೆ ಅವರು ತಾವೇ ಕೊಂದದ್ದಾಗಿ ಪತ್ರಿಕೆಯೊಂದಕ್ಕೆ ಹೇಳಿಕೊಂಡರು. ಕಟ್ಟಡವನ್ನು ಅಂದು ಇದ್ದಂತೆಯೇ ಜೀರ್ಣೋದ್ಧಾರ ಮಾಡಿದ್ದಾರೆ. 2023ರ ಜುಲೈಯಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕಕ್ಕೆ ಸೇರಿಸಲಾಯಿತು. ಹೊರಗೆ ಬಂದ ಮೇಲೆ ಬಹಳ ಹೊತ್ತು ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಹುಡುಗ ಕಾರಿನಲ್ಲಿ ಯಾವಾಗಲೂ ಹಾಕುತ್ತಿದ್ದ ಹಾಡನ್ನೂ ಹಾಕಲಿಲ್ಲ.

ಮಧ್ಯಾಹ್ನ ಇಂಡಿಯನೋಲಾ ಎಂಬಲ್ಲಿ ಬಿ. ಬಿ. ಕಿಂಗ್ ಅವರ ವಸ್ತುಸಂಗ್ರಹಾಲಯ ನೋಡಿದೆವು. 1925ರಲ್ಲಿ ಈ ಬಯಲಿನಲ್ಲಿ ಹುಟ್ಟಿ, ಹತ್ತಿ ಬಿಡಿಸಿ, ಟ್ರ್ಯಾಕ್ಟರು ನಡೆಸಿ, ಕೊನೆಗೆ ಲೋಕವೆಲ್ಲ ಕೇಳಿದ ಗಿಟಾರುಗಾರನಾದ ಈ ಮಹನೀಯರು 2015ರಲ್ಲಿ ತೀರಿಕೊಂಡರು. ಸಮಾಧಿಯೂ ಅಲ್ಲಿಯೇ ಇದೆ. ಅವರು ಹಾಡುವಾಗ ಗಿಟಾರು ನುಡಿಸುತ್ತಿರಲಿಲ್ಲ. ಗಿಟಾರು ನುಡಿಸುವಾಗ ಹಾಡುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಲು ತಮಗೆ ಬಾರದೆಂದು ತಾವೇ ಹೇಳುತ್ತಿದ್ದರಂತೆ. ಬಾರದ್ದೇ ಒಳ್ಳೆಯದಾಯಿತು. ಕಂಠ ಒಂದು ಮಾತು ಹೇಳಿ ಸುಮ್ಮನಾದ ಮೇಲೆ ಗಿಟಾರು ನಾಲ್ಕೈದು ಸ್ವರಗಳಲ್ಲಿ ಉತ್ತರ ಕೊಡುತ್ತಿತ್ತು. ಪರದೆಯ ಮೇಲೆ ಇದನ್ನು ತೋರಿಸುವಾಗ ನಮ್ಮ ಹುಡುಗ ಮೂರು ಸಲ ಕುಳಿತು ನೋಡಿದ.

ಇಲ್ಲಿ ಬ್ಲೂಸಿನ ರಚನೆಯನ್ನು ಎರಡು ಮಾತಿನಲ್ಲಿ ಹೇಳಿದರೆ ಮುಂದಿನ ಕಥೆ ವಾಚಕರಿಗೆ ಸುಲಭವಾದೀತು. ಅದರ ಸಾಮಾನ್ಯ ಆವರ್ತನ ಹನ್ನೆರಡು ಬಾರ್‌ಗಳದು. ಒಂದೊಂದು ಬಾರಿಗೂ ನಾಲ್ಕು ಎಣಿಕೆ, ಒಟ್ಟು 48. ಮೊದಲ ನಾಲ್ಕು ಬಾರು ಷಡ್ಜವನ್ನು ನೆಲೆಯಾಗಿಟ್ಟ ಸ್ವರಗುಚ್ಛ. ಮುಂದಿನ ಎರಡು ಮಧ್ಯಮದ್ದು. ಮತ್ತೆರಡು ಷಡ್ಜಕ್ಕೆ ಮರಳಿ. ಆಮೇಲೆ ಪಂಚಮಕ್ಕೆ ಒಂದು, ಮಧ್ಯಮಕ್ಕೆ ಒಂದು, ಕೊನೆಯ ಎರಡು ಷಡ್ಜಕ್ಕೆ. ಹಾಡಿನ ಸಾಲು ಮೂರು: ಮೊದಲನೆಯದನ್ನೇ ಎರಡನೆಯ ಸಲ ಹೇಳಿ, ಮೂರನೆಯದರಲ್ಲಿ ಮುಗಿಸುವುದು. ಒಂದೊಂದು ಸಾಲಿಗೆ ನಾಲ್ಕು ಬಾರು. ಅದರಲ್ಲಿ ಎರಡರಷ್ಟು ಕಾಲ ಹಾಡು, ಉಳಿದ ಎರಡರಲ್ಲಿ ವಾದ್ಯದ ಉತ್ತರ. ವಾದ್ಯಗಾರರು ಹೆಚ್ಚಾಗಿ ಬಳಸುವ ಐದು ಸ್ವರಗಳು ಸಾ, ಕೋಮಲ ಗಾಂಧಾರ, ಮಧ್ಯಮ, ಪಂಚಮ, ಕೋಮಲ ನಿಷಾದ. ನಮ್ಮವರ ಧಾನಿ ರಾಗದ ಸ್ವರಗಳು ಇವೇ. ದಕ್ಷಿಣಾದಿಯಲ್ಲಿ ಶುದ್ಧ ಧನ್ಯಾಸಿ. ಆದರೆ ಬ್ಲೂಸಿನವರು ಗಾಂಧಾರವನ್ನು ಕೋಮಲದಲ್ಲಿಯೂ ನಿಲ್ಲಿಸದೆ, ಶುದ್ಧಕ್ಕೂ ಮುಟ್ಟಿಸದೆ, ತಂತಿಯನ್ನು ಎಳೆದು ನಡುವೆ ತೂಗಾಡಿಸುತ್ತಾರೆ. ಆ ತೂಗಾಟದಲ್ಲಿಯೇ ಜೀವ.

ಮೂರನೆಯ ದಿನ ಕ್ಲಾರ್ಕ್ಸ್‌ಡೇಲನ್ನು ಸಾವಕಾಶವಾಗಿ ನೋಡಿದೆವು. 61 ಮತ್ತು 49ನೆಯ ಹೆದ್ದಾರಿಗಳು ಕೂಡಿದ ನಾಲ್ದಾರಿಯಲ್ಲಿ ಕಂಬದ ಮೇಲೆ ದೊಡ್ಡ ನೀಲಿ ಗಿಟಾರುಗಳನ್ನು ನಿಲ್ಲಿಸಿದ್ದಾರೆ. ರಾಬರ್ಟ್ ಜಾನ್ಸನ್ ಎಂಬ ಗಾಯಕ ನಡುರಾತ್ರಿ ಇಂಥ ಕೂಡುದಾರಿಯಲ್ಲಿ ಸೈತಾನನಿಗೆ ಆತ್ಮವನ್ನು ಮಾರಿ ಗಿಟಾರು ವಿದ್ಯೆ ಪಡೆದನೆಂದು ಕಥೆ. ಅವನು 1911ರಲ್ಲಿ ಹುಟ್ಟಿ 1938ರಲ್ಲಿ, 27ನೆಯ ವಯಸ್ಸಿನಲ್ಲಿ ಸತ್ತ. 1936 ಮತ್ತು 1937ರಲ್ಲಿ ಟೆಕ್ಸಾಸಿನಲ್ಲಿ ಮುದ್ರಿಸಿದ 29 ಹಾಡುಗಳೇ ಅವನು ಬಿಟ್ಟುಹೋದ ಆಸ್ತಿ.

ನಿಜ ಸಂಗತಿ ಕಥೆಗಿಂತ ಸ್ವಾರಸ್ಯವಾಗಿದೆ. ಹುಡುಗನಾಗಿದ್ದಾಗ ಅವನು ಹಿರಿಯ ವಾದಕರು ವಿಶ್ರಾಂತಿಗೆ ಎದ್ದಾಗ ಅವರ ಗಿಟಾರನ್ನು ಎತ್ತಿಕೊಂಡು ಬಾರಿಸುತ್ತಿದ್ದನಂತೆ. ಕೇಳುವವರು ಕಿವಿ ಮುಚ್ಚಿಕೊಂಡು, ಇವನನ್ನು ನಿಲ್ಲಿಸಿರೆಂದು ಗೋಗರೆಯುತ್ತಿದ್ದರಂತೆ. ಆಮೇಲೆ ತಾನು ಹುಟ್ಟಿದ ಹೇಜಲ್‌ಹರ್ಸ್ಟ್ ಊರಿನ ಕಡೆಗೆ ಹೋಗಿ ಐಕ್ ಜಿಮ್ಮರ್‌ಮನ್ ಎಂಬವರ ಹತ್ತಿರ ಕಲಿತ. ಗುರುಶಿಷ್ಯರಿಬ್ಬರೂ ಯಾರಿಗೂ ತೊಂದರೆಯಾಗದಿರಲೆಂದು ರಾತ್ರಿ ಸ್ಮಶಾನದಲ್ಲಿ ಕುಳಿತು ಅಭ್ಯಾಸ ಮಾಡುತ್ತಿದ್ದರೆಂದು ಗುರುವಿನ ಮನೆಯವರು ಹೇಳಿದ್ದಾರೆ. ಮರಳಿ ಬಂದಾಗ ಕಿವಿ ಮುಚ್ಚಿಕೊಂಡವರೇ ಬಾಯಿ ಬಿಟ್ಟು ನೋಡಿದರು. ಸೈತಾನನೆಂದರೆ ರಿಯಾಜು. “ನೋಡಪಾ, ಅಂವಾ ಸುಡುಗಾಡದಾಗ ಕುಂತ, ನೀ ಕ್ವಾಣ್ಯಾಗ ಕುಂತಿ” ಎಂದೆವು. ಹುಡುಗ ನಕ್ಕ. “ಅಂವನ ಎದುರಿಗೆ ಒಬ್ಬ ಗುರು ಇದ್ದನಲ್ಲಪ್ಪಾ” ಎಂದ. ಅವನ ಬಾಯಿಂದಲೇ ಆ ಮಾತು ಬಂದದ್ದು ನಮಗೆ ಆಶ್ಚರ್ಯವಾಯಿತು.

ಜೊತೆಗಾರರಿಲ್ಲದ ಕಲಿಕೆ ಇಲ್ಲಿಯವರಿಗೂ ಹೊಸದಲ್ಲ. ಗಿಟಾರು ಕೊಳ್ಳಲು ಹಣವಿಲ್ಲದ ಮಕ್ಕಳು ಮನೆಯ ಗೋಡೆಗೆ ಎರಡು ಮೊಳೆ ಹೊಡೆದು ಒಂದು ತಂತಿ ಬಿಗಿದು, ಸೀಸೆಯನ್ನು ಅದರ ಮೇಲೆ ಜಾರಿಸಿ ನುಡಿಸುತ್ತಿದ್ದರು. ಅದಕ್ಕೆ ‘ಡಿಡ್ಲಿ ಬೋ’ ಎಂದು ಹೆಸರು. ನಮ್ಮ ತತ್ವಪದದವರ ಏಕತಾರಿಗೆ ಮನೆಯ ಗೋಡೆಯೇ ಬುರುಡೆಯಾದಂತೆ. ಅನಂತರ ತಟ್ಟೆಗಳ ಕಾಲ ಬಂತು. 1950ರಲ್ಲಿ ನ್ಯೂಯಾರ್ಕಿನಲ್ಲಿ ‘ಮ್ಯೂಸಿಕ್ ಮೈನಸ್ ಒನ್’ ಎಂಬ ಸಂಸ್ಥೆ ಒಂದು ವಾದ್ಯವನ್ನು ಬಿಟ್ಟು ಉಳಿದುದೆಲ್ಲ ಇರುವ ತಟ್ಟೆಗಳನ್ನು ಹೊರತಂದಿತು. 1967ರಲ್ಲಿ ಜೇಮಿ ಎಬರ್‌ಸೋಲ್ಡ್ ಎಂಬವರು ಜಾಜ್ ಕಲಿಯುವವರಿಗೆ ಇಂಥ ಮಾಲೆಯನ್ನು ತೆಗೆದರು; ಅದರ ಎರಡನೆಯ ಸಂಪುಟ ಇಡಿಯಾಗಿ ಬ್ಲೂಸಿಗೆ ಮೀಸಲು. ಬೇಸು ಒಂದು ಕಿವಿಗೆ, ಪಿಯಾನೋ ಇನ್ನೊಂದು ಕಿವಿಗೆ ಬರುವಂತೆ ಮುದ್ರಿಸಿದ್ದರಿಂದ, ಕಲಿಯುವವನು ಬೇಸುಗಾರನಾಗಿದ್ದರೆ ಆ ಪಕ್ಕವನ್ನು ಆರಿಸಿ ತಾನೇ ಅಲ್ಲಿ ಕೂರಬಹುದು. ನಮ್ಮಲ್ಲಿ 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣರು ವಿದ್ಯುನ್ಮಾನ ತಂಬೂರಿಯನ್ನು ಮಾಡಿದ ಮೇಲೆ ಪರ ಊರಿನ ಎಷ್ಟು ಮನೆಗಳಲ್ಲಿ ಒಬ್ಬೊಬ್ಬರೇ ಕುಳಿತು ಹಾಡುವುದು ಸಾಧ್ಯವಾಯಿತು! ಆದ್ದರಿಂದ ಯಂತ್ರವನ್ನು ಹಳಿಯುವುದು ನಮಗೂ ಒಪ್ಪುವ ಮಾತಲ್ಲ. ನಮ್ಮ ಮನೆಯಲ್ಲಿಯೂ ಆ ತಂಬೂರಿ ಪೆಟ್ಟಿಗೆ ಇತ್ತು.

ಊರಿನ ಹಳೆಯ ಗೂಡ್ಸ್ ಸ್ಟೇಷನ್ನಿನ ಕಟ್ಟಡದಲ್ಲಿ ಡೆಲ್ಟಾ ಬ್ಲೂಸ್ ಮ್ಯೂಸಿಯಂ ಇದೆ. ಸ್ಥಾಪನೆಯಾದದ್ದು 1979ರಲ್ಲಿ, ಈ ಕಟ್ಟಡಕ್ಕೆ ಬಂದದ್ದು 1999ರಲ್ಲಿ. ಒಳಗೆ ಒಂದು ಮರದ ಗುಡಿಸಲಿನ ಅಳಿದುಳಿದ ಭಾಗ ಇಟ್ಟಿದ್ದಾರೆ. ಮಡ್ಡಿ ವಾಟರ್ಸ್ ಎಂಬ ಮಹಾಗಾಯಕ ಊರಾಚೆಯ ಸ್ಟೋವಾಲ್ ತೋಟದಲ್ಲಿ ಬದುಕಿದ್ದ ಮನೆ ಅದು. 1941ರಲ್ಲಿ ಅಲನ್ ಲೋಮ್ಯಾಕ್ಸ್, ಜಾನ್ ವರ್ಕ್ ಎಂಬ ವಿದ್ವಾಂಸರು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯಕ್ಕಾಗಿ ಇಲ್ಲಿಗೇ ಬಂದು ಅವರ ಹಾಡನ್ನು ಮುದ್ರಿಸಿಕೊಂಡರು. ತನ್ನ ದನಿಯನ್ನು ತಟ್ಟೆಯಲ್ಲಿ ಕೇಳಿದ ಮೇಲೆ, ನಾನೂ ಇದನ್ನು ಮಾಡಬಲ್ಲೆನೆಂದು ಅವರಿಗೆ ಧೈರ್ಯ ಬಂತು. 1943ರಲ್ಲಿ ಶಿಕಾಗೋಕ್ಕೆ ಗಾಡಿ ಹತ್ತಿದರು.

ಅವರೊಬ್ಬರೇ ಅಲ್ಲ. 1910ರಿಂದ 1970ರವರೆಗೆ ದಕ್ಷಿಣದ ರಾಜ್ಯಗಳನ್ನು ಬಿಟ್ಟುಹೋದ ಕಪ್ಪು ಜನರು ಸುಮಾರು 60 ಲಕ್ಷ. 1944ರಲ್ಲಿ ಕ್ಲಾರ್ಕ್ಸ್‌ಡೇಲಿನ ಪಕ್ಕದ ಹಾಪ್ಸನ್ ತೋಟದಲ್ಲಿ ಬಿತ್ತುವುದರಿಂದ ಹಿಡಿದು ಬಿಡಿಸಿ ಅಂಡಿಗೆ ಕಟ್ಟುವವರೆಗೆ ಎಲ್ಲವನ್ನೂ ಯಂತ್ರವೇ ಮಾಡಿದ ಹತ್ತಿ ಬೆಳೆ ಬಂದ ಮೇಲೆ ಕೈಗಳಿಗೆ ಕೆಲಸವೂ ತಪ್ಪಿತು. ಗಾಡಿ ಹತ್ತಿದವರು ಹಾಡನ್ನು ಜೊತೆಗೆ ಒಯ್ದರು. ಶಿಕಾಗೋದ ಗದ್ದಲದಲ್ಲಿ ಕೇಳಿಸಬೇಕೆಂದು ಗಿಟಾರಿಗೆ ವಿದ್ಯುತ್ತು ಬಂತು, ಡ್ರಮ್ಮು ಬಂತು, ಬೇಸು ಬಂತು. ನಮ್ಮ ಮಗನ ಫೋನಿನಲ್ಲಿ ಬಾರಿಸುವ ಪಕ್ಕವಾದ್ಯ ಹುಟ್ಟಿದ್ದು ಹೀಗೆ, ಊರು ಬಿಟ್ಟವರ ಓಣಿಗಳಲ್ಲಿ. ಮಿರಜದಲ್ಲಿ ಗಾಡಿ ಬದಲಿಸಿ ಮುಂಬಯಿಗೆ ಬಂದು, ಚಾಳಿನ ಒಂದು ಖೋಲಿಯಲ್ಲಿ ಆರು ಜನ ಇದ್ದುಕೊಂಡು ಶನಿವಾರ ರಾತ್ರಿ ಭಜನೆಗೆ ಕೂಡುತ್ತಿದ್ದ ನಮ್ಮ ಹಿರಿಯರ ನೆನಪಾಯಿತು. ಅವರು ಕೆಲಸ ಹುಡುಕಿ ಬಂದವರು. ಇವರು ಕೆಲಸವನ್ನಷ್ಟೇ ಅಲ್ಲ, ಮಾನವನ್ನೂ ಹುಡುಕಿ ಹೋದವರು. ಆದರೂ ದುಡಿದು ದಣಿದ ಜನ ವಾರಕ್ಕೊಮ್ಮೆ ಒಂದೆಡೆ ಕೂಡಬೇಕೆನ್ನುವ ಹಸಿವು ಎರಡೂ ಕಡೆ ಒಂದೇ.

ಅಂದು ಸಂಜೆ ಊರಿನ ಒಂದು ಸಣ್ಣ ಜಾಗಕ್ಕೆ ಹೋದೆವು. ಹೆಸರು ಬೇಡ. ತಗಡಿನ ಛಾವಣಿ, ಕೆಂಪು ದೀಪ, ಹತ್ತಿಪ್ಪತ್ತು ಕುರ್ಚಿ. ಶಾಕಾಹಾರವೆಂದು ಕೇಳಿದ್ದಕ್ಕೆ ಹುರಿದ ಬೆಂಡೆಕಾಯಿ ತಂದಿಟ್ಟರು. ಬೆಂಡೆಯೂ ಆಫ್ರಿಕದಿಂದ ಈ ಸೀಮೆಗೆ ಬಂದದ್ದೇ. ಯಾರು ಬೇಕಾದರೂ ವೇದಿಕೆ ಹತ್ತಿ ನುಡಿಸಬಹುದಾದ ರಾತ್ರಿ ಅದು. ಮಗಳ ಮನೆಯಲ್ಲಿದ್ದ ಗಿಟಾರನ್ನು ಹುಡುಗ ಕಾರಿನಲ್ಲಿ ತಂದಿದ್ದ. ಹೊರಗೆ ತೆಗೆಯುವ ಮನಸ್ಸಿರಲಿಲ್ಲ. ತಾಯಿಯಾದವರು, “ಇಷ್ಟು ದೂರ ಬಂದು ಬರೇ ಕೇಳಿ ಹೋಗತೀಯೇನೋ?” ಎಂದದ್ದೇ ಎದ್ದುಹೋಗಿ ಹೆಸರು ಬರೆಸಿದ.

ಅವನ ಸರದಿ ಬಂತು. ಹಾಡುವವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಬೇಸು ಹಿಡಿದವರು ಅವರ ಓರಗೆಯ ಮುದುಕರು. ಡ್ರಮ್ಮಿಗೆ ಶಾಲೆಗೆ ಹೋಗುವ ವಯಸ್ಸಿನ ಒಬ್ಬ ಹುಡುಗ. ಆರಂಭದಲ್ಲಿ ನಮ್ಮವನ ಬೆರಳು ಮುಂಬಯಿಯ ಕೋಣೆಯಲ್ಲಿ ಓಡಿದಂತೆಯೇ ಓಡಿತು. ಕುರ್ಚಿಗಳಲ್ಲಿ ಒಂದಿಬ್ಬರು ತಲೆಯಾಡಿಸಿದರು. ಆಮೇಲೆ ಆ ತಾಯಿ ಹಾಡಲು ತೊಡಗಿದರು. ನಮ್ಮವನು ನಿಲ್ಲಿಸಲಿಲ್ಲ, ಹಾಡಿನ ಮೇಲೆಯೇ ನುಡಿಸುತ್ತ ಹೋದ. ಇಂಡಿಯನೋಲಾದಲ್ಲಿ ಮೂರು ಸಲ ನೋಡಿದ್ದು ಬೆರಳಿಗೆ ಇಳಿದಿರಲಿಲ್ಲ. ಫೋನಿನಲ್ಲಿ ಹಾಡುವವರೇ ಇಲ್ಲದ ಮೇಲೆ ನಿಲ್ಲಿಸುವ ಅಭ್ಯಾಸವೆಲ್ಲಿಂದ ಬರಬೇಕು?

ಅದಕ್ಕಿಂತ ಕೆಟ್ಟದ್ದು ಮುಂದೆ ಕಾದಿತ್ತು. ಎರಡನೆಯ ಸಾಲಿನ ಕೊನೆಯ ಮಾತನ್ನು ಆಕೆ ಎಳೆದು ನಿಂತರು. ಮನಸ್ಸಿಗೆ ಬಂದಷ್ಟು ಹೊತ್ತು. ಹನ್ನೆರಡರ ಲೆಕ್ಕಕ್ಕೆ ಒಂದು ಬಾರು ಹೆಚ್ಚಾಯಿತು. ಬೇಸು, ಡ್ರಮ್ಮು ಎರಡೂ ಆಕೆಯ ಮುಖ ನೋಡುತ್ತ ಅಲ್ಲಿಯೇ ಕಾದವು. ಎಣಿಕೆಯಂತೆ ಪಂಚಮಕ್ಕೆ ಹಾರಿದವನು ನಮ್ಮ ಮಗ ಒಬ್ಬನೇ. ಆ ಅಪಸ್ವರ ನಮ್ಮಂಥವರಿಗೂ ಕೇಳಿಸಿತು. ಅವನ ಕೈ ತಂತಿಯ ಮೇಲೆ ಸತ್ತಂತೆ ನಿಂತಿತು. ಉಳಿದ ಆವರ್ತನವನ್ನು ಉಳಿದವರು ಮುಗಿಸಿದರು. ನಮ್ಮ ಎದೆ ಹೊಡೆದುಕೊಂಡದ್ದನ್ನು ಹೇಳತೀರದು. ಇವನು ಇನ್ನು ಗಿಟಾರು ಮುಟ್ಟುವುದಿಲ್ಲವೆಂದು ಇಬ್ಬರಿಗೂ ಅನ್ನಿಸಿತು. ‘ಏಳು ಅಂದದ್ದು ನಾನೇ’ ಎಂದು ತಾಯಿಯ ಕಣ್ಣಲ್ಲಿ ನೀರು.

ಆ ಹಳೆಯ ಬೇಸಿನವರು ಅವನನ್ನು ಕೆಳಗಿಳಿಯಲು ಬಿಡಲಿಲ್ಲ. ಹತ್ತಿರ ಕರೆದು ಏನೋ ಹೇಳಿದರು. ಆಮೇಲೆ ಮಗ ನಮಗೆ ತಿಳಿಸಿದ ಮಾತನ್ನು ನಮ್ಮ ಕಡೆಯ ರೀತಿಯಲ್ಲಿ ಹೇಳುವುದಾದರೆ ಹೀಗೆ: “ತಮ್ಮಾ, ಬೆರಳು ಚಲೋ ಅದಾವ. ಆದರ ನೀ ಯಾರಿಗೆ ಉತ್ತರಾ ಕೊಡಲಿಕ್ಹತ್ತೀ? ಆಕೀ ಇನ್ನೂ ಪ್ರಶ್ನೇನ ಮುಗಿಸಿಲ್ಲ. ಎಣಿಸಬ್ಯಾಡ, ಆಕೀ ಬಾಯಿ ನೋಡು.” ಇನ್ನೊಂದು ಹಾಡು ಆರಂಭವಾಯಿತು. ನಮ್ಮವನು ಮೊದಲನೆಯ ಆವರ್ತನವಿಡೀ ಒಂದು ಸ್ವರವನ್ನೂ ನುಡಿಸದೆ ಆಕೆಯನ್ನೇ ನೋಡುತ್ತ ನಿಂತ. ಎರಡನೆಯದರಲ್ಲಿ ಆಕೆ ಸಾಲು ಮುಗಿಸಿ ಉಸಿರು ತೆಗೆದಾಗ ಮೂರು ಸ್ವರ ನುಡಿಸಿದ. ಮೂರೇ. ಆಕೆ ಹಾಡುತ್ತಲೇ ಅವನ ಕಡೆಗೆ ತಿರುಗಿ ತಲೆಯಲ್ಲಾಡಿಸಿದರು. ಮುಂದಿನ ಸಾಲಿನಲ್ಲಿ ಮತ್ತೆ ನಾಲ್ಕು. ದೊಡ್ಡ ಚಪ್ಪಾಳೆಯೇನೂ ಬೀಳಲಿಲ್ಲ, ಬೀಳುವಂಥದ್ದೇನೂ ಆಗಿರಲಿಲ್ಲ. ಆದರೆ ಆ ಮೂರು ಸ್ವರಗಳಲ್ಲಿ ನಮ್ಮ ಮಗ ಮೂರು ವರ್ಷದ ಮೇಲೆ ಇನ್ನೊಬ್ಬರೊಡನೆ ಮಾತಾಡಿದ.

ಹೊರಗೆ ಬಂದಾಗ ಅವನು ವಿವರಿಸಿದ. ಜಾನ್ ಲೀ ಹೂಕರ್ ಎಂಬ ಈ ಸೀಮೆಯದೇ ಗಾಯಕರು ಹನ್ನೆರಡರ ಲೆಕ್ಕವನ್ನು ಎಂದೂ ಕಟ್ಟುನಿಟ್ಟಾಗಿ ಪಾಲಿಸಿದವರಲ್ಲವಂತೆ. ಹಾಡು ಎಲ್ಲಿ ಬೇಡಿತೋ ಅಲ್ಲಿ ತಿರುಗುತ್ತಿದ್ದರಂತೆ. “ಪುಸ್ತಕದಾಗ ಓದಿದ್ದೆಪ್ಪಾ. ಆದರ ಫೋನು ಎಂದೂ ಹದಿಮೂರನೇ ಬಾರು ಬಾರಿಸಿದ್ದಿಲ್ಲ. ನಾ ತಪ್ಪಿದರೂ ಅದು ನಿಲ್ಲೂದಿಲ್ಲ, ನಾ ಚಲೋ ಬಾರಿಸಿದರೂ ಅದಕ್ಕ ಗೊತ್ತಾಗೂದಿಲ್ಲ” ಎಂದ. ನಾಲ್ಕನೆಯ ದಿನ ಮೆಂಫಿಸಿಗೆ ಮರಳುವಾಗ ದಾರಿಯುದ್ದಕ್ಕೂ ಅವನೇ ಮಾತಾಡಿದ. ಅಷ್ಟು ಮಾತು ನಾವು ಬಹಳ ದಿನ ಕೇಳಿರಲಿಲ್ಲ. ಅಂದು ಡ್ರಮ್ಮು ಬಾರಿಸಿದ ಹುಡುಗ ಮ್ಯೂಸಿಯಂನವರು ಶಾಲೆಯ ಮಕ್ಕಳಿಗಾಗಿ ನಡೆಸುವ ತರಗತಿಯವನಂತೆ. ಅಲ್ಲಿ ಕಲಿತ ಕ್ರಿಸ್ಟೋನ್ ‘ಕಿಂಗ್‌ಫಿಶ್’ ಇಂಗ್ರಮ್ ಎಂಬ, 1999ರಲ್ಲಿ ಹುಟ್ಟಿದ ಕ್ಲಾರ್ಕ್ಸ್‌ಡೇಲಿನ ತರುಣ 2022ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದದ್ದನ್ನು ಅವನು ಆಗ ಹೇಳಿದ.

ಮುಂಬಯಿಗೆ ಬಂದ ಮೇಲೆ ಫೋನಿನ ಅಭ್ಯಾಸ ಬಿಟ್ಟನೆಂದು ವಾಚಕರು ತಿಳಿಯಬಾರದು. ಅಭ್ಯಾಸ ನಡೆದೇ ಇದೆ. ಅದರ ರೀತಿ ಬದಲಾಗಿದೆ. ಬಳಗದ ಮಕ್ಕಳಿಗೆ ಉಪಯೋಗವಾದೀತೆಂದು ಅವನನ್ನೇ ಕೇಳಿ ಬರೆಯುತ್ತಿದ್ದೇವೆ. ಮೊದಲು ನಿಧಾನವಾದ ಟ್ರ್ಯಾಕನ್ನೇ ಆರಿಸುವುದು, ನಿಮಿಷಕ್ಕೆ 70 ಎಣಿಕೆಯಷ್ಟು. ವಾದ್ಯ ಮುಟ್ಟದೆ ಒಂದು ಆವರ್ತನ ಕೇಳಿ, ಎಲ್ಲಿ ಮಧ್ಯಮ, ಎಲ್ಲಿ ಪಂಚಮ ಬರುತ್ತದೆಂದು ಬಾಯಲ್ಲಿ ಹೇಳುವುದು. ಬಳಿಕ ಎರಡು ಬಾರು ಬಾಯಲ್ಲಿ ಹಾಡಿ, ಎರಡು ಬಾರು ವಾದ್ಯದಲ್ಲಿ ಉತ್ತರ ಕೊಡುವುದು. ಹಾಡುವಾಗ ಬೆರಳು ಕಡ್ಡಾಯವಾಗಿ ಸುಮ್ಮನಿರಬೇಕು. ವಾರದಲ್ಲಿ ಒಂದು ದಿನ ಮೂರೇ ಸ್ವರಗಳಲ್ಲಿ ಎಲ್ಲವನ್ನೂ ಹೇಳಲು ನೋಡುವುದು. ನುಡಿಸಿದ್ದನ್ನು ಮುದ್ರಿಸಿ ಮರುದಿನ ಕೇಳುವುದು. ಅಂದೇ ಕೇಳಿದರೆ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದಂತೆ. ಕೊನೆಯದಾಗಿ ಟ್ರ್ಯಾಕನ್ನು ಆರಿಸಿ, ಕಾಲಿನಿಂದ ತಾಳ ಹಾಕುತ್ತ ಬರಿದೆ ನುಡಿಸುವುದು. ಯಂತ್ರವಿಲ್ಲದೆ ಆವರ್ತನ ನಿಂತರೆ ಅದು ನಮ್ಮದಾಯಿತು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಭಾನುವಾರ. ಪಕ್ಕದ ಕಟ್ಟಡದ, ತಬಲಾ ಕಲಿಯುವ ನಮ್ಮ ಕನ್ನಡದ ಹುಡುಗನೊಬ್ಬ ಈಗ ಭಾನುವಾರ ಬೆಳಿಗ್ಗೆ ಬರುತ್ತಾನೆ. ಅವನಿಗೆ ಬ್ಲೂಸ್ ತಿಳಿಯದು, ಇವನಿಗೆ ಠೇಕಾ ಅರ್ಧಮರ್ಧ ನೆನಪು. ಮೊದಲ ಕೆಲವು ವಾರ ಕೇಳುವುದು ಕಷ್ಟವಾಗಿತ್ತು. ವಿಶ್ವಮೋಹನ ಭಟ್ಟರು ತಮ್ಮ ಮೋಹನವೀಣೆಯೊಡನೆ ಅಮೆರಿಕದ ರೈ ಕೂಡರ್ ಅವರ ಜೊತೆ ನುಡಿಸಿ 1993ರಲ್ಲಿ ಹೊರತಂದ, ಮರುವರ್ಷ ಗ್ರ್ಯಾಮಿ ಬಂದ ‘ಎ ಮೀಟಿಂಗ್ ಬೈ ದ ರಿವರ್’ ಎಂಬ ಧ್ವನಿಮುದ್ರಿಕೆಯನ್ನು ಇಬ್ಬರೂ ಕೂಡಿ ಕೇಳುತ್ತಾರೆ. ಈಗೀಗ ಒಮ್ಮೊಮ್ಮೆ ಅಡಿಗೆಮನೆಯಲ್ಲಿದ್ದವರ ಕೈ ನಿಲ್ಲುವಂತೆ ಏನಾದರೊಂದು ಆಗುತ್ತದೆ. ಹುಡುಗ ಬಿಟ್ಟನೆಂದು ನಾವು ದುಃಖಪಟ್ಟ ಆರು ವರ್ಷದ ಗಾಯನ ಎಲ್ಲಿಯೂ ಹೋಗಿರಲಿಲ್ಲ. ಗಾಂಧಾರವನ್ನು ಅವನು ತೂಗಿಸುವ ರೀತಿಯಲ್ಲಿ ಅದು ಕೇಳಿಸುತ್ತದೆ.

ಬೇಸಿಗೆ ಇನ್ನೂ ಯಾರೂ ಸಿಕ್ಕಿಲ್ಲ, ಹಾಡುವವರೂ ಬೇಕು. ಬಳಗದಲ್ಲಿ ಹಾರ್ಮೋನಿಯಂ, ಢೋಲಕಿ, ಏನಾದರೂ ಬಾರಿಸುವ ಮಕ್ಕಳಿದ್ದರೆ, ಮಕ್ಕಳೇ ಏಕೆ, ದೊಡ್ಡವರಿದ್ದರೂ, ಭಾನುವಾರ ಹತ್ತು ಗಂಟೆಗೆ ನಮ್ಮಲ್ಲಿಗೆ ಬರಬಹುದು. ತಪ್ಪಿದರೆ ನಿಂತು ಕಾಯುವ ಜನ ಇಲ್ಲಿದ್ದಾರೆ. ಶಾವಿಗೆ ಉಪ್ಪಿಟ್ಟು, ಚಹಾ ನಮ್ಮದು.